ಕತ್ತಲ ಲೋಕಕ್ಕೂ ಒಂದು ಕಟ್ಟಳೆ ಬೇಕು

ಪಾತ್ರಾಭಿನಯದ ಆಟಕ್ಕೆ ಹೊಸ ಲೋಕ ಹುಡುಕುತ್ತಿರುವ ಎಳೆಯರಿಗೆ ತಾಳಮದ್ದಳೆಯ ಕೂಟ ಹೇಳಿಕೊಡುವುದು ಬಹಳ ಇದೆ

ಪತ್ತನಾಜೆ ಕಳೆದು ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಅಜೆಕಾರು, ಕಾರ್ಕಳ, ಹೆಬ್ರಿಯ ಆಸುಪಾಸಿನಲ್ಲಿ ಯಕ್ಷಗಾನ ಬಯಲಿನಿಂದ ಮಾಡಿನಡಿಗೆ ಬರುತ್ತದೆ. ದೇವಸ್ಥಾನದ ಸಭಾಂಗಣ, ಶಾಲೆಯ ಹಾಲ್, ದೊಡ್ಡ ಮನೆಗಳ ಚಾವಡಿ ಅದರ ರಂಗಸ್ಥಳವಾಗುತ್ತವೆ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು, ಚೆಂಡೆ ಮದ್ದಳೆ, ಎದುರುಬದುರು ಕುಳಿತ ನಾಲ್ಕೈದು ಮಂದಿ ಅರ್ಥಧಾರಿಗಳು, ಇಷ್ಟೇ. ಇದೇ ತಾಳಮದ್ದಳೆ. ಪದ್ಯ ಪುಸ್ತಕದ್ದು, ಮಾತು ಆ ಹೊತ್ತಿಗೆ ಹುಟ್ಟಿದ್ದು. ಇಂಥದ್ದೊಂದು ಕೂಟ ಗೊತ್ತಾದೊಡನೆ ಕೇಳುವವರ ಮೊದಲ ಪ್ರಶ್ನೆ ‘ಪ್ರಸಂಗ ಯಾವುದು?’ ಅದರ ಬೆನ್ನಿಗೇ ಎರಡನೆಯದು: ‘ಯಾರಿಗೆ ಯಾವ ಪಾತ್ರ?’

ಕಾಲೇಜಿಗೆ ಹೋಗುವ ಮಕ್ಕಳಿರುವ ಮನೆಗಳಿಗೆ ಈಗ ಇನ್ನೊಂದು ಬಗೆಯ ಕೂಟದ ಪರಿಚಯವೂ ಇದೆ. ಮೇಜಿನ ಸುತ್ತ ನಾಲ್ಕೈದು ಮಂದಿ ಕೂರುತ್ತಾರೆ. ಒಬ್ಬೊಬ್ಬರದು ಒಂದೊಂದು ಪಾತ್ರ. ಒಬ್ಬರು ಮಾತ್ರ ಪಾತ್ರ ಹಿಡಿಯದೆ ಇಡೀ ಲೋಕವನ್ನೇ ಹಿಡಿದು ಆಟ ನಡೆಸುತ್ತಾರೆ. ಅವರಿಗೆ ಗೇಮ್ ಮಾಸ್ಟರ್ ಎಂದು ಹೆಸರು. ‘ಕೋಟೆಯ ಬಾಗಿಲು ಮುಚ್ಚಿದೆ, ಏನು ಮಾಡುತ್ತೀರಿ?’ ಎಂದು ಅವರು ಕೇಳುತ್ತಾರೆ. ಆಡುವವರು ತಮ್ಮ ಪಾತ್ರದ ಬಾಯಿಂದ ಉತ್ತರ ಹೇಳುತ್ತಾರೆ. ಆಗುವುದೋ ಬಿಡುವುದೋ ಎಂಬಲ್ಲಿ ದಾಳ ಉರುಳುತ್ತದೆ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಈ ಬಗೆಯ ಆಟಗಳ ಮೂಲ. 2016ರಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಬಂದ ‘ಸ್ಟ್ರೇಂಜರ್ ಥಿಂಗ್ಸ್’ ಧಾರಾವಾಹಿಯ ಹುಡುಗರು ಅದನ್ನೇ ಆಡುವುದನ್ನು ನೋಡಿ ನಮ್ಮಲ್ಲೂ ಹಲವರಿಗೆ ಅದರ ರುಚಿ ಹತ್ತಿತು.

ಎರಡು ಕೂಟಗಳ ನಡುವೆ ದೊಡ್ಡ ವ್ಯತ್ಯಾಸವಿರುವುದು ನಿಜ. ತಾಳಮದ್ದಳೆಯಲ್ಲಿ ಕತೆಯ ಕೊನೆ ಎಲ್ಲರಿಗೂ ಗೊತ್ತು; ಆಟದಲ್ಲಿ ಯಾರಿಗೂ ಗೊತ್ತಿಲ್ಲ. ಅಲ್ಲಿ ಕೇಳುಗರಿದ್ದಾರೆ; ಇಲ್ಲಿ ಆಡುವವರೇ ಕೇಳುಗರು. ಆದರೆ ಮೊದಲ ಪ್ರಶ್ನೆ ಎರಡಕ್ಕೂ ಒಂದೇ. ಯಾವ ಲೋಕದಲ್ಲಿ ಕೂತು ಮಾತನಾಡುವುದು? ಕೋಟೆ, ಡ್ರ್ಯಾಗನ್, ಕುಳ್ಳರು, ಉದ್ದ ಕಿವಿಯವರು ತುಂಬಿದ ಯುರೋಪಿನ ಕಾಡುಗಳಿಂದ ಬೇಸರ ಬಂದು, ಇನ್ನೂ ಕತ್ತಲೆಯ, ಇನ್ನೂ ಬೇರೆಯದೇ ಆದ ಲೋಕ ಬೇಕು ಎಂದು ಹುಡುಕುವವರು ಹೆಚ್ಚುತ್ತಿದ್ದಾರೆ. ಅವರಿಗಾಗಿ ಈ ಬರಹ.

ಕತ್ತಲೆ ಅಂದರೆ ರಕ್ತವಲ್ಲ

ಕತ್ತಲ ಲೋಕ ಬೇಕು ಎಂದೊಡನೆ ಹೆಣ, ತಲೆಬುರುಡೆ, ರಕ್ತ, ಸುಟ್ಟ ಊರುಗಳನ್ನು ಪೇರಿಸುವುದು ಎಲ್ಲರೂ ಮಾಡುವ ಕೆಲಸ. ಎರಡು ಸಂಜೆ ಕಳೆಯುವುದರೊಳಗೆ ಅದು ಸಪ್ಪೆಯಾಗುತ್ತದೆ. ಜಗತ್ತಿನಲ್ಲಿ ಬಾಳಿಕೆ ಬಂದ ಕತ್ತಲ ಲೋಕಗಳನ್ನು ನೋಡಿದರೆ ಅವುಗಳಲ್ಲಿ ಒಂದು ಸಾಮಾನ್ಯ ಗುಣ ಕಾಣುತ್ತದೆ: ಪ್ರತಿಯೊಂದಕ್ಕೂ ಒಂದು ಕಟ್ಟಳೆ ಇದೆ. ಆ ಕಟ್ಟಳೆ ಅಲ್ಲಿ ಬದುಕುವವರಿಂದ ಏನನ್ನೋ ಕಸಿದುಕೊಂಡಿದೆ. ಉಳಿದದ್ದನ್ನು ಹಿಡಿದು ಅವರು ಬದುಕಬೇಕಾಗಿದೆ.

1983ರಲ್ಲಿ ಟ್ರೇಸಿ ಮತ್ತು ಲಾರಾ ಹಿಕ್‌ಮನ್ ದಂಪತಿ ಬರೆದ ‘ರೇವನ್‌ಲಾಫ್ಟ್’ ತೆಗೆದುಕೊಳ್ಳಿ. ರಕ್ತ ಹೀರುವ ದೊರೆಯೊಬ್ಬ ಆಳುವ ಕಣಿವೆ ಅದು. ಸುತ್ತ ಮಂಜು ಮುಚ್ಚಿದೆ; ಒಳಗೆ ಬಂದವರು ಹೊರಗೆ ಹೋಗಲಾರರು. ಮುಂದೆ 1990ರಲ್ಲಿ ಅದೇ ಹೆಸರಿನಲ್ಲಿ ಬೆಳೆದ ಲೋಕದಲ್ಲಿ ಆ ದೊರೆಯೂ ಸೆರೆಯಾಳೇ. ತನ್ನ ಪಾಪವೇ ಅವನಿಗೆ ಗೋಡೆ. 1991ರ ‘ಡಾರ್ಕ್ ಸನ್’ನಲ್ಲಿ ಮಂತ್ರವಿದ್ಯೆ ನೆಲದ ಜೀವವನ್ನು ಹೀರಿ ಹಾಕಿದೆ. ನೀರು ದುರ್ಲಭ, ಲೋಹ ದುರ್ಲಭ. ಮಂತ್ರ ಹಾಕಿದಷ್ಟೂ ಹಸಿರು ಸಾಯುತ್ತದೆ. 1981ರ ‘ಕಾಲ್ ಆಫ್ ಕ್ಥುಲು’ ಆಟದಲ್ಲಿ ಸತ್ಯ ತಿಳಿದಷ್ಟೂ ತಿಳಿದವನ ಬುದ್ಧಿ ಕದಡುತ್ತದೆ. ಬುದ್ಧಿಯ ಸ್ಥಿಮಿತಕ್ಕೆ ಅಂಕ ಕೊಟ್ಟು ಅದು ಕರಗುವುದನ್ನು ಕಣ್ಣೆದುರೇ ತೋರಿಸುತ್ತದೆ ಆ ಆಟ. ಮೂರರಲ್ಲೂ ಭಯ ಹುಟ್ಟುವುದು ಕಟ್ಟಳೆಯಿಂದ. ಬಾಗಿಲು ತೆರೆದರೆ ಉಳಿಯಬಹುದು, ಆದರೆ ತೆರೆಯಲು ಏನನ್ನೋ ಕೊಡಬೇಕು. ಆ ಕೊಡುಕೊಳ್ಳುವಿಕೆಯಲ್ಲಿ ಆಟವಿದೆ.

ಇದು ನಮಗೆ ಹೊಸದಲ್ಲ. ದೇವಿ ಮಹಾತ್ಮೆಯ ರಕ್ತಬೀಜನನ್ನು ನೆನೆಯಿರಿ. ಅವನ ರಕ್ತದ ಹನಿ ನೆಲಕ್ಕೆ ಬಿದ್ದಲ್ಲೆಲ್ಲ ಇನ್ನೊಬ್ಬ ರಕ್ತಬೀಜ ಏಳುತ್ತಾನೆ. ಹೊಡೆದಷ್ಟೂ ಹೆಚ್ಚುವ ಶತ್ರುವನ್ನು ಹೊಡೆದು ಗೆಲ್ಲಲಾಗದು. ಕಾಳಿ ನಾಲಗೆ ಚಾಚಿ ಹನಿ ನೆಲ ಮುಟ್ಟದಂತೆ ಹೀರಿದಾಗಲೇ ಅವನ ಅಂತ್ಯ. ಹಿರಣ್ಯಕಶಿಪುವಿನ ವರವೂ ಹೀಗೆಯೇ. ಒಳಗಲ್ಲ ಹೊರಗಲ್ಲ, ಹಗಲಲ್ಲ ಇರುಳಲ್ಲ ಎಂಬ ಬೇಲಿ ಎಷ್ಟು ಬಿಗಿಯೋ ಅಷ್ಟು ಜಾಣತನದ ದಾರಿ ಅದನ್ನು ದಾಟಲು ಬೇಕು. ಕತ್ತಲ ಲೋಕ ಕಟ್ಟುವವರು ಮೊದಲು ಬರೆದಿಡಬೇಕಾದದ್ದು ಇಂಥ ಒಂದೇ ಸಾಲು. ಭೂಪಟ, ರಾಜವಂಶ, ಆಯುಧಗಳ ಪಟ್ಟಿ ಎಲ್ಲ ಆಮೇಲಿನ ಮಾತು.

ಪಾತಾಳದ ಬಾಗಿಲಲ್ಲಿ

ನಮ್ಮ ಪ್ರಸಂಗ ಸಾಹಿತ್ಯದಲ್ಲಿ ಸಿದ್ಧವಾಗಿಯೇ ಇರುವ ಕತ್ತಲ ಲೋಕ ಬೇಕೆಂದರೆ ನಾನು ತೋರಿಸುವುದು ‘ಮೈರಾವಣ ಕಾಳಗ’ದ ಪಾತಾಳವನ್ನು. ವಾಲ್ಮೀಕಿಯಲ್ಲಿ ಈ ಕತೆ ಇಲ್ಲ. ದಕ್ಷಿಣದ ಜನಪ್ರಿಯ ರಾಮಕತೆಗಳಲ್ಲಿ ಇದೆ, ಪಾಠದಿಂದ ಪಾಠಕ್ಕೆ ವಿವರ ಬದಲಾಗುತ್ತದೆ. ತಿರುಳು ಇಷ್ಟು. ಯುದ್ಧದ ನಡುವಿನ ಒಂದು ರಾತ್ರಿ ಹನುಮಂತ ತನ್ನ ಬಾಲವನ್ನೇ ಕೋಟೆಯಾಗಿ ಸುತ್ತಿ ರಾಮಲಕ್ಷ್ಮಣರನ್ನು ಕಾಯುತ್ತಿದ್ದಾನೆ. ಪಾತಾಳದ ಮೈರಾವಣ ವಿಭೀಷಣನ ವೇಷ ತೊಟ್ಟು ಒಳಹೊಕ್ಕು, ನಿದ್ದೆಯಲ್ಲಿದ್ದ ಇಬ್ಬರನ್ನೂ ಕಾಳಿಗೆ ಬಲಿಕೊಡಲು ಕದ್ದೊಯ್ಯುತ್ತಾನೆ. ಹುಡುಕುತ್ತ ಇಳಿದ ಹನುಮಂತನಿಗೆ ಬಾಗಿಲಲ್ಲಿ ಎದುರಾಗುವ ಕಾವಲುಗಾರ ಅವನದೇ ಮಗ. ಕಡಲು ಹಾರುವಾಗ ಬಿದ್ದ ಬೆವರ ಹನಿಯನ್ನು ನುಂಗಿದ ಮೀನಿನ ಹೊಟ್ಟೆಯಲ್ಲಿ ಹುಟ್ಟಿದವನು. ಒಳಗೆ ಮೈರಾವಣನ ಒಡಹುಟ್ಟಿದವಳೇ ಸೆರೆಯಲ್ಲಿದ್ದಾಳೆ. ಅವಳ ಮಗನೂ ಬಲಿಯ ಸಾಲಿನಲ್ಲಿದ್ದಾನೆ. ಮೈರಾವಣನನ್ನು ಕಡಿದರೂ ಸಾಯಿಸಲಾಗದು, ಏಕೆಂದರೆ ಅವನ ಪ್ರಾಣ ಮೈಯಲ್ಲಿಲ್ಲ. ಅದು ಎಲ್ಲೋ ಬಚ್ಚಿಟ್ಟ ದುಂಬಿಗಳಲ್ಲಿದೆ.

ಹಲವು ಸಂಜೆ ನಡೆಯುವ ಆಟಕ್ಕೆ, ಅಂದರೆ ಒಂದು ಕ್ಯಾಂಪೇನಿಗೆ, ಇನ್ನೇನು ಬೇಕು? ನಂಬಿದವರ ವೇಷದಲ್ಲಿ ಬರುವ ಶತ್ರು, ಬೆಳಕಿಲ್ಲದ ನಗರ, ಬಾಗಿಲಿಗೊಂದು ಕಾವಲು, ಒಳಗಿನಿಂದ ಕೈ ನೀಡುವ ಸೆರೆಯಾಳು, ಬೇರೆಲ್ಲೋ ಅಡಗಿಸಿಟ್ಟ ಪ್ರಾಣ. ಇದನ್ನು ಆಡಲು ರಾಮ ಹನುಮರ ಪಾತ್ರವನ್ನೇ ಹಿಡಿಯಬೇಕೆಂದಿಲ್ಲ. ಪಾತಾಳವನ್ನು ಇಟ್ಟುಕೊಂಡು ಹೊಸ ಮನುಷ್ಯರನ್ನು ಇಳಿಸಿ. ತನ್ನ ತಮ್ಮನನ್ನು ಹುಡುಕಿ ಬಂದ ದೋಣಿಕಾರ, ಗಂಧದ ವ್ಯಾಪಾರಿ, ಬಾವಿ ತೋಡುತ್ತ ತೋಡುತ್ತ ಅಲ್ಲಿಗೇ ಬಿದ್ದ ಕೂಲಿಯವನು, ಮದ್ದು ಕೊಡುವ ಅಜ್ಜಿ.

ಅಜೆಕಾರಿನ ಮನೆಯೊಂದರ ಚಾವಡಿಯಲ್ಲಿ ಇಂಥ ಒಂದು ಸಂಜೆ ನಡೆಯುತ್ತಿದೆ ಎಂದು ಭಾವಿಸಿ. ಆಟ ನಡೆಸುತ್ತಿರುವವಳು ಮನೆಯ ಹಿರಿಮಗಳು. ಆಡುವವರು ತಮ್ಮ, ಚಿಕ್ಕಪ್ಪನ ಮಕ್ಕಳು, ಪಕ್ಕದ ಮನೆಯವರು.

“ಕಲ್ಲಿನ ಬಾಗಿಲು. ಮುಂದೆ ಒಬ್ಬ ಹುಡುಗ. ಮೈಯಲ್ಲಿ ಮೀನಿನ ಹುರುಪೆ, ಕೈಯಲ್ಲಿ ಗದೆ. ಮುಖ ಮಾತ್ರ ದೋಣಿಕಾರನದ್ದೇ ಹಾಗೆ ಉಂಟು.”

“ನನ್ನ ಮುಖವಾ ಅಕ್ಕ?”

“ಹೌದು. ಕಳೆದುಹೋದ ನಿನ್ನ ತಮ್ಮನ ವಯಸ್ಸೇ.”

“ಅವನಿಗೆ ನನ್ನ ಗುರುತು ಉಂಟಾ?”

“ಇಲ್ಲ. ಅವನು ಕೇಳುವುದು ಒಂದೇ: ಈ ಮನೆಯ ಅನ್ನ ಉಂಡು ಬೆಳೆದವ ನಾನು, ನಿಮ್ಮನ್ನು ಯಾಕೆ ಒಳಗೆ ಬಿಡಬೇಕು?”

ಇಲ್ಲಿ ಆಟ ಒಂದು ಗಳಿಗೆ ನಿಲ್ಲುತ್ತದೆ. ಹೊಡೆದು ದಾಟಬಹುದು, ದಾಳ ಕೈಯಲ್ಲೇ ಇದೆ. ಆದರೆ ಯಾರೂ ದಾಳ ಎತ್ತುವುದಿಲ್ಲ. ದೋಣಿಕಾರ ಮಾತನಾಡಬೇಕಾಗಿದೆ. ಅವನು ಮನೆಯ ನೆನಪು ಹೇಳುತ್ತಾನೋ, ಸುಳ್ಳು ಹೇಳುತ್ತಾನೋ, ‘ನಿನ್ನ ಋಣ ನೀನು ತೀರಿಸು, ನನ್ನದನ್ನು ನಾನು ತೀರಿಸುತ್ತೇನೆ’ ಎಂದು ಗದೆಯ ಎದುರು ನಿಲ್ಲುತ್ತಾನೋ, ಅದು ಆಡುವವನ ಅರ್ಥಗಾರಿಕೆ. ಒಳ್ಳೆಯ ಕತ್ತಲ ಲೋಕ ಆಡುವವರನ್ನು ಹೀಗೆ ಮಾತಿಗೆ ತಂದು ನಿಲ್ಲಿಸುತ್ತದೆ.

ಎದುರು ಪಾತ್ರಕ್ಕೂ ನ್ಯಾಯ ಬೇಕು

ಎದುರಾಳಿಯನ್ನು ಹೇಗೆ ಕಟ್ಟಬೇಕೆಂದು ಕಲಿಯಲು ಕರಾವಳಿಯವರು ದೂರ ಹೋಗಬೇಕಿಲ್ಲ. ‘ವಾಲಿಮೋಕ್ಷ’ದ ಕೂಟವೊಂದಕ್ಕೆ ಹೋಗಿ ಕೂತರೆ ಸಾಕು. ವಾಲಿ ಬೀಳುತ್ತಾನೆಂದು ಸಭೆಯ ಮಕ್ಕಳಿಗೂ ಗೊತ್ತು. ಆದರೂ ಜನ ಕಿವಿಗೊಟ್ಟು ಕೂರುವುದು ಬಿದ್ದವನು ಕೇಳುವ ಪ್ರಶ್ನೆಗಾಗಿ. ನಿನಗೂ ನನಗೂ ವೈರವಿರಲಿಲ್ಲ, ಇನ್ನೊಬ್ಬನೊಡನೆ ಹೋರಾಡುತ್ತಿದ್ದವನಿಗೆ ಮರೆಯಿಂದ ಬಾಣ ಬಿಟ್ಟದ್ದು ಯಾವ ಧರ್ಮ ಎಂದು ವಾಲಿ ಕೇಳಿದಾಗ ರಾಮನ ಅರ್ಥಧಾರಿ ಉತ್ತರ ಕೊಡಲೇಬೇಕು. ದೇವರೆಂಬ ಕಾರಣಕ್ಕೆ ಅವನಿಗೆ ರಿಯಾಯಿತಿ ಇಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ವಾಲಿ, ರಾವಣ, ಕೌರವರಂಥ ಪಾತ್ರಗಳಿಗೆ ತರ್ಕದ ಬಲ ತುಂಬಿ ಹೆಸರಾದರು. ಕುಂಬಳೆ ಸುಂದರ ರಾವ್ (1934–2022) ಪ್ರಾಸಬದ್ಧ ಮಾತಿನ ಓಘದಿಂದ ಸಭೆಯನ್ನು ಹಿಡಿದಿಟ್ಟವರು. ಕಾರ್ಕಳದ ಮಾಳದವರಾದ ಡಾ. ಎಂ. ಪ್ರಭಾಕರ ಜೋಶಿ ಅರ್ಥಧಾರಿಯೂ ಹೌದು, ಈ ಕಲೆಯ ವಿಮರ್ಶಕರೂ ಹೌದು. ಇಂಥವರನ್ನು ಕೇಳಿ ಬೆಳೆದ ಊರಿನಲ್ಲಿ ಸುಮ್ಮನೆ ಕೆಟ್ಟವನಾಗಿರುವ ರಾಕ್ಷಸ ಯಾರಿಗೂ ರುಚಿಸುವುದಿಲ್ಲ.

ಆದ್ದರಿಂದ ಲೋಕ ಆರಿಸುವಾಗ ಕೇಳಬೇಕಾದ ಎರಡನೆಯ ಪ್ರಶ್ನೆ: ಇಲ್ಲಿಯ ದೊರೆ ತನ್ನ ಪರವಾಗಿ ಅರ್ಧ ಗಂಟೆ ವಾದ ಮಾಡಬಲ್ಲನೇ? ಮೈರಾವಣನೂ ಹೇಳಬಲ್ಲ. ಮೇಲಿನ ಲೋಕದವರು ನಮ್ಮ ಬಳಗವನ್ನು ಕೊಂದರು. ಬಲಿ ನಿಂತರೆ ನನ್ನ ನಗರದ ದೀಪ ಆರುತ್ತದೆ. ನನ್ನ ಜಾಗದಲ್ಲಿ ನೀನಿದ್ದರೆ ಏನು ಮಾಡುತ್ತಿದ್ದೆ? ಈ ಮಾತಿಗೆ ತಡವರಿಸುವ ಹಾಗಾದರೆ ಆ ಲೋಕ ಗಟ್ಟಿಯಾಗಿದೆ ಎಂದೇ ಅರ್ಥ.

ಮುಗಿಯದ ಆಟಿ

ಪುರಾಣ ಬೇಡ, ಹೊಸತೇ ಬೇಕು ಎನ್ನುವವರಿಗೆ ನಮ್ಮ ಮಳೆಗಾಲದಿಂದಲೇ ಒಂದು ಲೋಕ ಎತ್ತಿಕೊಡಬಹುದು. ಡಾರ್ಕ್ ಸನ್‌ನ ಮರುಭೂಮಿ ಘಟ್ಟದ ಬುಡದಲ್ಲಿ ಹುಟ್ಟಿದವರ ಮೈಗೆ ತಾಗುವುದಿಲ್ಲ. ನೀರಿಲ್ಲದ ಭಯಕ್ಕಿಂತ ನೀರು ನಿಲ್ಲದ ಭಯ ನಮಗೆ ಹತ್ತಿರ.

ತುಳುನಾಡಿನ ಹಿರಿಯರಿಗೆ ಆಟಿ ಕಷ್ಟದ ತಿಂಗಳು. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ ಹರಡುವ ಈ ತಿಂಗಳಲ್ಲಿ ಹಳೆಯ ಭತ್ತ ತಳ ಕಂಡಿರುತ್ತಿತ್ತು, ಹೊಸದು ಇನ್ನೂ ಗದ್ದೆಯಲ್ಲಿರುತ್ತಿತ್ತು. ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ತೊಳೆ, ಬೇಯಿಸಿದ ಹಲಸಿನ ಬೀಜ, ಕೆಸುವಿನೆಲೆಯ ಪತ್ರೊಡೆ, ತಜಂಕಿನ ಸೊಪ್ಪು ಹೊಟ್ಟೆ ತುಂಬಿಸುತ್ತಿದ್ದವು. ಶುಭಕಾರ್ಯ ಇಲ್ಲ. ಮನೆಯ ತುಂಬ ಜ್ವರ. ಆಟಿ ಅಮಾವಾಸ್ಯೆಯ ಬೆಳಗಿಗೆ ಹಾಲೆ ಮರದ ತೊಗಟೆಯ ಕಷಾಯ ಕುಡಿಯುವ ಪದ್ಧತಿ ಈಗಲೂ ಇದೆ. ತೊಗಟೆಗೆ ಕಬ್ಬಿಣ ತಾಗಿಸುವಂತಿಲ್ಲ. ಸೂರ್ಯ ಹುಟ್ಟುವ ಮೊದಲು ಕಲ್ಲಿನಿಂದ ಜಜ್ಜಿ ತೆಗೆಯಬೇಕು. ಕತ್ತಲಲ್ಲಿ ಮರ ತಪ್ಪಬಾರದೆಂದು ಹಿಂದಿನ ದಿನವೇ ಗುರುತು ಮಾಡಿಟ್ಟುಕೊಳ್ಳುತ್ತಾರೆ, ಏಕೆಂದರೆ ತಪ್ಪು ಮರದ ತೊಗಟೆ ವಿಷವಾದೀತು.

ಈಗ ಕಟ್ಟಳೆಯ ಸಾಲು ಬರೆಯಿರಿ: ಈ ಲೋಕದಲ್ಲಿ ಆಟಿ ಮುಗಿಯಲೇ ಇಲ್ಲ. ಸೋಣ ತಿಂಗಳು ಬರಲಿಲ್ಲ, ಬಿಸಿಲು ಬೀಳಲಿಲ್ಲ, ತೆನೆ ಹಣ್ಣಾಗಲಿಲ್ಲ. ಮೂರು ತಲೆಮಾರು ಹೀಗೇ ಕಳೆದಿದೆ. ಬಿಸಿಲು ಕಂಡ ಕೊನೆಯ ಅಜ್ಜಿ ಮಾತ್ರ ಬದುಕಿದ್ದಾಳೆ. ಉಪ್ಪು ಇಲ್ಲಿ ಹಣ. ಒಣ ಸೌದೆ ಬಂಗಾರ. ಒಲೆಯ ಕೆಂಡ ಆರಿದ ಮನೆಯವರು ಪಕ್ಕದ ಮನೆಯಿಂದ ಕೆಂಡ ತರಬೇಕಾದರೆ ಪ್ರತಿಯಾಗಿ ಒಂದು ದಿನದ ದುಡಿಮೆ ಕೊಡಬೇಕು. ಆಟದ ಲೆಕ್ಕವೂ ಇದರಿಂದಲೇ ಹುಟ್ಟುತ್ತದೆ. ಪ್ರತಿ ಕೂಟದ ಕೊನೆಗೆ ಅಕ್ಕಿ, ಉಪ್ಪು, ಎಣ್ಣೆ, ಸೌದೆ ಈ ನಾಲ್ಕರಲ್ಲಿ ಒಂದು ಕಡಿಮೆಯಾಗಬೇಕು. ಯಾವುದೆಂದು ಆಡುವವರೇ ತೀರ್ಮಾನಿಸಬೇಕು. ಜ್ವರ ಬಂದ ಮಗುವಿಗಾಗಿ ರಾತ್ರಿ ತೊಗಟೆ ತರಲು ಹೊರಟವರಿಗೆ, ಗುರುತಿಗೆ ಕಟ್ಟಿದ ಬಳ್ಳಿ ಎರಡು ಮರಗಳಲ್ಲಿ ಕಾಣುತ್ತದೆ. ಯಾರೋ ಬೇಕೆಂದೇ ಕಟ್ಟಿದ್ದಾರೆ. ಭೂತ ಪಿಶಾಚಿಗಳಿಲ್ಲದೆಯೇ ಮೈ ಜುಮ್ಮೆನ್ನಿಸುವ ಗಳಿಗೆ ಇದು.

ಇಂಥ ಲೋಕಕ್ಕೆ ಇನ್ನೊಂದು ಲಾಭವಿದೆ. ಆಡುವವರಿಗೆ ವಿವರಿಸಬೇಕಾಗಿಲ್ಲ. ಬೂಸಲು ಹಿಡಿದ ಬಟ್ಟೆಯ ವಾಸನೆ, ಹಂಚಿನ ಸಂದಿಯಿಂದ ಬೀಳುವ ಹನಿಗೆ ಇಟ್ಟ ಪಾತ್ರೆ, ಸಂಕ ಮುಳುಗಿದ ತೋಡು ಎಲ್ಲ ಅವರ ಅನುಭವದಲ್ಲೇ ಇವೆ. ಭಯಕ್ಕೆ ಬೇಕಾದ ಅರ್ಧ ಕೆಲಸ ಊರೇ ಮಾಡಿ ಮುಗಿಸಿದೆ.

ಮೇಜಿಗೆ ತರಬಾರದ್ದು

ತುಳುನಾಡಿನ ಕತ್ತಲೆ ಎಂದೊಡನೆ ಹೊರಗಿನವರಿಗೆ ಮಾತ್ರವಲ್ಲ, ನಮ್ಮ ಎಳೆಯರಿಗೂ ಮೊದಲು ಹೊಳೆಯುವುದು ದೈವಗಳು. 2022ರಲ್ಲಿ ‘ಕಾಂತಾರ’ ಚಿತ್ರ ಬಂದ ಮೇಲೆ ಇದು ಇನ್ನೂ ಹೆಚ್ಚಾಗಿದೆ. ಈ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ಪಷ್ಟ. ದೈವಗಳನ್ನು, ಕೋಲದ ನುಡಿಯನ್ನು, ನಾಗಬನವನ್ನು ಆಟದ ಮೇಜಿಗೆ ತರಬಾರದು.

ಪುರಾಣದ ಪಾತ್ರಗಳ ಬಾಯಲ್ಲಿ ಮಾತನಾಡುವುದಕ್ಕೆ, ದೇವರನ್ನೇ ಎದುರು ಕೂರಿಸಿ ವಾದ ಮಾಡುವುದಕ್ಕೆ ತಾಳಮದ್ದಳೆಯ ದೀರ್ಘ ಪರಂಪರೆ ನಮಗೆ ಒಪ್ಪಿಗೆ ಕೊಟ್ಟಿದೆ. ದೈವದ ಮಾತಿಗೆ ಅಂಥ ಒಪ್ಪಿಗೆ ಇಲ್ಲ. ಪಂಬದ, ಪರವ, ನಲಿಕೆ ಸಮುದಾಯಗಳವರು ವ್ರತ ಹಿಡಿದು, ಅಣಿ ಕಟ್ಟಿ, ಮನೆತನದಿಂದ ಬಂದ ಹಕ್ಕಿನಿಂದ ಆಡುವ ನುಡಿ ಅದು. ಆ ನುಡಿಯ ಮುಂದೆ ಕೈಮುಗಿದು ನಿಂತು ವ್ಯಾಜ್ಯ ಬಗೆಹರಿಸಿಕೊಳ್ಳುವ ಕುಟುಂಬಗಳು ಇಂದಿಗೂ ಇವೆ. ಕಾಂತಾರದ ಬಳಿಕ ವೇದಿಕೆಗಳಲ್ಲಿ, ರೀಲ್‌ಗಳಲ್ಲಿ ದೈವದ ಅನುಕರಣೆ ಶುರುವಾದಾಗ ಊರಿನಲ್ಲಿ ಬೇಸರ, ಆಕ್ಷೇಪ ಎದ್ದದ್ದು ಇದೇ ಕಾರಣಕ್ಕೆ. ದೈವಗಳ ಕತೆ ತುಳು ಪ್ರಸಂಗಗಳಾಗಿ ಯಕ್ಷಗಾನ ರಂಗಕ್ಕೆ ಬಂದಿದೆ, ನಿಜ. ಆದರೆ ಅದು ನಡೆಯುವುದು ಕೈಮುಗಿಯುವ ಊರಿನ ನಡುವೆ, ಆ ಊರಿನ ಕಣ್ಣೆದುರು. ದಾಳ ಉರುಳಿಸಿ ದೈವಕ್ಕೆ ಎಷ್ಟು ಪೆಟ್ಟು ಬಿತ್ತು ಎಂದು ಲೆಕ್ಕ ಹಾಕುವುದು ಬೇರೆಯೇ ಮಾತು. ನೆರೆಮನೆಯವರ ಶ್ರದ್ಧೆಯನ್ನು ಗೊಂಬೆ ಮಾಡಿದ ಹಾಗೆ. ನೆಲದ ಮಳೆ, ಹಸಿವು, ಋಣ, ಮುನಿಸು ಇವೆಲ್ಲ ನಮಗೆ ಮುಕ್ತವಾಗಿವೆ. ಅವುಗಳಿಂದಲೇ ಸಾಕಷ್ಟು ಕತ್ತಲೆ ಕಟ್ಟಬಹುದು.

ಕೂತವರನ್ನು ನೋಡಿ ಪ್ರಸಂಗ

ತಾಳಮದ್ದಳೆಯ ಸಂಯೋಜಕರು ಮೊದಲು ಅರ್ಥಧಾರಿಗಳು ಯಾರೆಂದು ನೋಡಿ ಆಮೇಲೆ ಪ್ರಸಂಗ ನಿರ್ಧರಿಸುವುದುಂಟು. ಆಟಕ್ಕೂ ಇದೇ ವಿವೇಕ ಬೇಕು. ಮೊದಲ ಸಂಜೆ ದಾಳ ಮುಟ್ಟದೆ ಬರಿಯ ಮಾತುಕತೆಗೆ ಮೀಸಲಿಡುವ ರೂಢಿ ಆಟದ ಜಗತ್ತಿನಲ್ಲಿದೆ. ‘ಸೆಷನ್ ಝೀರೋ’ ಎನ್ನುತ್ತಾರೆ. ಯಾರಿಗೆ ಯಾವುದು ಬೇಡ ಎಂಬುದನ್ನು ಅಂದೇ ಕೇಳಬೇಕು. ರಾನ್ ಎಡ್ವರ್ಡ್ಸ್ ಎಂಬ ಆಟಗಳ ರಚನೆಕಾರ ಇದಕ್ಕೆ ಎರಡು ಗೆರೆ ಹಾಕಿಕೊಟ್ಟ: ಕತೆಯಲ್ಲಿ ಬರಲೇಬಾರದ ಸಂಗತಿಗಳು ಒಂದು ಕಡೆ, ಬಂದರೂ ತೆರೆಯ ಮರೆಯಲ್ಲೇ ನಡೆದುಹೋಗಬೇಕಾದವು ಇನ್ನೊಂದು ಕಡೆ. ಜಾನ್ ಸ್ಟಾವ್ರೊಪೌಲೋಸ್ ರೂಢಿಗೆ ತಂದ ‘ಎಕ್ಸ್ ಕಾರ್ಡ್’ ಇನ್ನೂ ಸರಳ. ಮೇಜಿನ ನಡುವೆ ಒಂದು ಚೀಟಿ ಇರುತ್ತದೆ. ಯಾರಾದರೂ ಅದನ್ನು ಮುಟ್ಟಿದರೆ ಆ ದೃಶ್ಯ ಅಲ್ಲಿಗೆ ಬಿಟ್ಟು ಮುಂದೆ ಹೋಗಬೇಕು, ಕಾರಣ ಕೇಳುವಂತಿಲ್ಲ. ಹೆಣ್ಣಿನ ಮೇಲಿನ ದೌರ್ಜನ್ಯ, ಜಾತಿಯ ಹೆಸರಿನ ಅವಮಾನ, ಮಕ್ಕಳ ಸಾವು ಇವನ್ನೆಲ್ಲ ‘ಕತ್ತಲೆ ಬೇಕಲ್ಲ’ ಎಂದು ಸುಲಭವಾಗಿ ತಂದು ಸುರಿಯುವವರಿದ್ದಾರೆ. ಎದುರು ಕೂತವರಲ್ಲಿ ಅದನ್ನು ನಿಜವಾಗಿ ಅನುಭವಿಸಿದವರು ಇರಬಹುದು ಎಂಬ ಎಚ್ಚರ ಇದ್ದರೆ ಮಾತ್ರ ಕತ್ತಲ ಲೋಕ ಕಟ್ಟುವ ಯೋಗ್ಯತೆ ಬರುತ್ತದೆ.

ಯಕ್ಷಗಾನ ಕಲಿಸುವ ಇನ್ನೊಂದು ಪಾಠ ಹಾಸ್ಯ. ಎಂಥ ಘೋರ ಪ್ರಸಂಗದಲ್ಲೂ ದೂತನೋ ಬ್ರಾಹ್ಮಣನೋ ಬಂದು ಸಭೆಗೆ ಉಸಿರು ಬಿಡಲು ಅವಕಾಶ ಕೊಡುತ್ತಾನೆ. ಅವನು ಹೋದ ಮೇಲೆ ಬರುವ ದುಃಖ ಇನ್ನೂ ಆಳಕ್ಕೆ ಇಳಿಯುತ್ತದೆ. ಮುಗಿಯದ ಆಟಿಯ ಊರಿನಲ್ಲೂ ಗಂಜಿಯ ಮುಂದೆ ಕೂತು ನಗಿಸುವ ಒಬ್ಬ ಮಾವ ಇರಲಿ.

ಉದ್ದದ ಮಾತೂ ಹೇಳಬೇಕು. ವರ್ಷಗಟ್ಟಲೆ ನಡೆಯುವ ಮಹಾಕತೆಯ ಆಸೆಯಿಂದ ಶುರುವಾದ ಎಷ್ಟೋ ಆಟಗಳು ಪರೀಕ್ಷೆ, ಕೆಲಸ, ವರ್ಗಾವಣೆಯ ನಡುವೆ ಅರ್ಧಕ್ಕೇ ನಿಲ್ಲುತ್ತವೆ. ಅಜೆಕಾರು ಬಾಲಕೃಷ್ಣ ಶೆಟ್ಟಿಯವರ ಮುಂದಾಳತ್ವದ ಅಜೆಕಾರು ಕಲಾಭಿಮಾನಿ ಬಳಗ ಮಳೆಗಾಲದಲ್ಲಿ ಊರಿನ ಕಲಾವಿದರನ್ನು ಮುಂಬಯಿಗೆ ಕರೆಸಿ ನಡೆಸುವ ಸರಣಿ ತಾಳಮದ್ದಳೆ ಇದಕ್ಕೆ ಒಳ್ಳೆಯ ಮಾದರಿ. ಪ್ರತಿ ಸಂಜೆ ಒಂದು ಪ್ರಸಂಗ, ಪ್ರತಿ ಸಂಜೆಗೂ ಒಂದು ಮಂಗಳ. ನಾಳೆ ಬರಲಾಗದವನಿಗೂ ಇಂದಿನ ಕತೆ ಪೂರ್ತಿ ದಕ್ಕುತ್ತದೆ. ಕತ್ತಲ ಲೋಕದ ಕ್ಯಾಂಪೇನನ್ನೂ ಹೀಗೆ ಒಂದೊಂದು ಸಂಜೆಗೆ ಮುಗಿಯುವ ತುಂಡುಗಳಾಗಿ ಕಟ್ಟಿದರೆ ಅದು ಬಾಳುತ್ತದೆ.

ಕೊನೆಯದಾಗಿ ಭಾಷೆ. ಇಂಗ್ಲಿಷ್ ನಿಯಮಪುಸ್ತಕ ಓದಿದವರು ಆಟವನ್ನೂ ಇಂಗ್ಲಿಷಿನಲ್ಲೇ ಆಡಿ, ಪಾತ್ರದ ಮಾತು ಬಂದಾಗ ಎರಡು ವಾಕ್ಯಕ್ಕೆ ನಿಲ್ಲಿಸಿಬಿಡುತ್ತಾರೆ. ನಿಯಮ ಯಾವ ಭಾಷೆಯಲ್ಲಾದರೂ ಇರಲಿ; ಮಾತು ಕನ್ನಡದಲ್ಲಿ, ತುಳುವಿನಲ್ಲಿ, ಕೊಂಕಣಿಯಲ್ಲಿ ನಡೆಯಲಿ. ಪೀಠಿಕೆ ಹಾಕುವುದು, ಎದುರು ಪಾತ್ರದ ಮಾತಿನ ಎಳೆ ಹಿಡಿಯುವುದು, ಸೋಲುವ ಪಾತ್ರಕ್ಕೂ ಘನತೆ ಉಳಿಸುವುದು ಈ ಊರಿನವರು ಕೇಳಿ ಕೇಳಿ ಕಲಿತ ವಿದ್ಯೆಗಳು. ಆಟದ ಮೇಜಿನಲ್ಲಿ ಒಮ್ಮೆ ನಾಲಗೆ ಪಳಗಿದ ಹುಡುಗಿ ನಾಳೆ ತಾಳಮದ್ದಳೆಯ ಕೂಟದಲ್ಲಿ ಪಾತ್ರ ಕೇಳಿದರೆ ಆ ಕಲೆಗೂ ಒಬ್ಬ ಹೊಸ ಅರ್ಥಧಾರಿ ಸಿಕ್ಕ ಹಾಗೆ. ತಾಳಮದ್ದಳೆ ಕೇಳಿ ಬೆಳೆದವನು ಆಟ ನಡೆಸಲು ಕೂತರೆ ಆ ಮೇಜಿಗೂ ಒಬ್ಬ ಭಾಗವತ ಸಿಕ್ಕ ಹಾಗೆ. ಈ ಮಳೆಗಾಲ ಇಂಥ ಕೂಟ ಸೇರುವವರು ಕಟ್ಟಳೆಯ ಒಂದು ಸಾಲು ಬರೆಯಲಿ, ದೊರೆಯ ವಾದವನ್ನು ಸಿದ್ಧಮಾಡಲಿ, ಕೂತವರ ಮನಸ್ಸು ಕೇಳಲಿ. ಲೋಕದ ಉಳಿದ ಭಾಗವನ್ನು ಆಡುವವರ ಮಾತೇ ಕಟ್ಟುತ್ತದೆ.